ನಾಯಿಯ ಕರುಳು ತಿರುಚಿಕೊಂಡಾಗ

ಮಾನ್ವಿಯ ಸುತ್ತಿನ ಹಳ್ಳಿಗಳಲ್ಲಿ ಮನೆಯ ನಾಯಿಯೋ ಕುರಿ ಕಾಯುವ ನಾಯಿಯೋ ಹೊಟ್ಟೆನೋವಿನಿಂದ ನರಳಿದರೆ ಮೊದಲು ನೆನಪಾಗುವುದು ಹರಳೆಣ್ಣೆ. ದನಕ್ಕೆ ಗೊಟ್ಟ ಹಾಕುವಂತೆ ಅದರ ಬಾಯಿಗೂ ಎಣ್ಣೆ ಹೊಯ್ದು, 'ಬೆಳಗಾಗಲಿ, ನೋಡೋಣ' ಎನ್ನುತ್ತಾರೆ. ಬರೀ ಅಜೀರ್ಣವಾದರೆ ನಾಯಿ ಎದ್ದೀತು. ಕರುಳು ತಿರುಚಿಕೊಂಡಿದ್ದರೆ ಅದು ಬೆಳಗು ಕಾಣುವುದೇ ಕಷ್ಟ.

ಸಣ್ಣ ಕರುಳು ಹೊಟ್ಟೆಯೊಳಗೆ ಬಿಡಿಯಾಗಿ ಬಿದ್ದಿರುವ ಕೊಳವೆಯಲ್ಲ. ಒಂದು ತೆಳುವಾದ ಪೊರೆ ಅದನ್ನು ಬೆನ್ನುಮೂಳೆಯ ಕಡೆಗೆ ಹಿಡಿದಿಟ್ಟಿರುತ್ತದೆ. ಸೀರೆಯ ನೆರಿಗೆಯನ್ನು ನೆನೆಯಿರಿ: ಸೊಂಟದ ಬಳಿ ಒಂದು ಹಿಡಿ, ಕೆಳಗೆ ಅಗಲವಾದ ಅಂಚು. ಆ ಅಂಚಿನಲ್ಲಿ ಕರುಳಿದೆ. ಮೇಲಿನ ಹಿಡಿಯಲ್ಲಿ ರಕ್ತನಾಳಗಳಿವೆ. ಇಡೀ ನೆರಿಗೆ ಒಂದು ಸುತ್ತು ತಿರುಗಿದರೆ ರಕ್ತನಾಳಗಳೂ ಹಿಂಡಿಹೋಗುತ್ತವೆ. ಗೋಡೆ ತೆಳುವಾದ ಅಭಿಧಮನಿ ಮೊದಲು ಮುಚ್ಚುತ್ತದೆ. ಬಂದ ರಕ್ತ ಹಿಂದಿರುಗಲಾರದೆ ಕರುಳು ಊದಿ ಕಪ್ಪಾಗುತ್ತದೆ. ಬಳಿಕ ಅಪಧಮನಿಯೂ ಮುಚ್ಚಿ, ಕೆಲವೇ ಗಂಟೆಗಳಲ್ಲಿ ಕರುಳು ಸಾಯುತ್ತದೆ. ಜರ್ಮನ್ ಶೆಫರ್ಡ್ ತಳಿಯಲ್ಲಿ ಇದು ಹೆಚ್ಚು. ಎದೆ ಆಳವಾದ ದೊಡ್ಡ ನಾಯಿಗಳಲ್ಲಿ ಜಠರವೇ ಗಾಳಿ ತುಂಬಿ ಹೊರಳುವುದುಂಟು. ನಮ್ಮ ಮುಧೋಳದ ಬೇಟೆನಾಯಿಯೂ ಆಳ ಎದೆಯದೇ.

ಎಣ್ಣೆ ಏಕೆ ಕೆಲಸ ಮಾಡದು ಎಂಬುದು ಇದರಿಂದಲೇ ತಿಳಿಯುತ್ತದೆ. ತೊಂದರೆ ಕೊಳವೆಯ ಒಳಗಿಲ್ಲ, ಅದಕ್ಕೆ ರಕ್ತ ತರುವ ದಾರಿಯಲ್ಲಿದೆ. ಮೇಲಾಗಿ, ವಾಂತಿ ಮಾಡುವ ನಾಯಿಗೆ ಹೊಯ್ದ ಎಣ್ಣೆ ಶ್ವಾಸಕೋಶಕ್ಕೂ ಇಳಿಯಬಹುದು.

ಇದಕ್ಕೆ ಶಸ್ತ್ರಚಿಕಿತ್ಸೆಯೊಂದೇ ದಾರಿ. ವೈದ್ಯರು ಮೊದಲು ಸಲೈನ್ ಕೊಟ್ಟು ರಕ್ತದೊತ್ತಡವನ್ನು ಎತ್ತುತ್ತಾರೆ. ಅರಿವಳಿಕೆ ಕೊಟ್ಟು, ಹೊಟ್ಟೆಯ ನಡುಗೆರೆಯಲ್ಲಿ ಕೊಯ್ದು ಕರುಳನ್ನು ಪರೀಕ್ಷಿಸುತ್ತಾರೆ. ಬಣ್ಣ ಕೆಂಪಗಿದೆಯೇ, ರಕ್ತನಾಳ ಮಿಡಿಯುತ್ತಿದೆಯೇ, ಚಿವುಟಿದರೆ ಅಲುಗುತ್ತದೆಯೇ? ಜೀವವಿದ್ದರೆ ಸುತ್ತು ಬಿಡಿಸುತ್ತಾರೆ. ಪೂರ್ತಿ ಸತ್ತ ತುಂಡನ್ನು, ಸಾಧ್ಯವಿದ್ದಲ್ಲಿ, ಸುತ್ತು ಬಿಡಿಸದೆಯೇ ಕತ್ತರಿಸುತ್ತಾರೆ. ಬಿಡಿಸಿದರೆ ಅಲ್ಲಿ ಮಡುಗಟ್ಟಿದ ವಿಷ ಒಮ್ಮೆಲೇ ಮೈಗೆಲ್ಲ ಹರಿದು ಹೃದಯವೇ ನಿಲ್ಲಬಹುದು. ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿದು, ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡು ಹೊಟ್ಟೆ ಮುಚ್ಚುತ್ತಾರೆ. ಮುಂದಿನ ಐದು ದಿನ ಎಚ್ಚರ ಬೇಕು; ಹೊಲಿಗೆ ಸೋರುವ ಅಪಾಯ ಹೆಚ್ಚಿರುವುದು ಆಗಲೇ. ಇಡೀ ಕರುಳು ತಿರುಚಿಕೊಂಡ ನಾಯಿಗಳಲ್ಲಿ ಹೆಚ್ಚಿನವು ಇಷ್ಟೆಲ್ಲ ಮಾಡಿದರೂ ಉಳಿಯುವುದಿಲ್ಲ. ಉಳಿಯುವವು ಬೇಗ ಬಂದವು.

ಮರಿಗಳಲ್ಲಿ ಹೆಚ್ಚಾಗಿ ಕಾಣುವುದು ಇದರ ಸೋದರ ರೋಗ. ಅಂಗಿಯ ತೋಳಿನ ತುದಿ ಒಳಕ್ಕೆ ಸೇರಿಕೊಳ್ಳುವಂತೆ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಹೊಗುತ್ತದೆ. ಜಂತುಹುಳು, ಪಾರ್ವೋ ಭೇದಿಗಳಿಂದ ಕೆರಳಿದ ಕರುಳಿನಲ್ಲಿ ಇದು ಹೆಚ್ಚು. ಶಸ್ತ್ರವೈದ್ಯರು ಅದನ್ನು ಜಗ್ಗುವುದಿಲ್ಲ, ಮೆಲ್ಲನೆ ಹಿಂದಕ್ಕೆ ಒತ್ತಿ ಬಿಡಿಸುತ್ತಾರೆ. ಜಗ್ಗಿದರೆ ಕರುಳು ಹರಿದೀತು. ಸಕಾಲಕ್ಕೆ ಬಂದ ಮರಿಗಳಲ್ಲಿ ಹೆಚ್ಚಿನವು ಬದುಕುತ್ತವೆ. ಮರಿಗೆ ಜಂತಿನ ಔಷಧ, ಆರರಿಂದ ಎಂಟನೆಯ ವಾರದಲ್ಲಿ ಪಾರ್ವೋ ಲಸಿಕೆ ಆರಂಭಿಸಿದರೆ ಈ ಅಪಾಯವೇ ಕಡಿಮೆ.

ಮಾನ್ವಿಯವರಿಗೆ ದೂರವೂ ಒಂದು ಲೆಕ್ಕ. ಕಲ್ಯಾಣ ಕರ್ನಾಟಕದ ಪಶುವೈದ್ಯಕೀಯ ಕಾಲೇಜು ಇರುವುದು ಬೀದರಿನಲ್ಲಿ, ಹಲವು ಗಂಟೆಗಳ ಹಾದಿ. ಆದ್ದರಿಂದ ಮೊದಲು ತಾಲ್ಲೂಕಿನ ಪಶುವೈದ್ಯರಿಗೆ ತೋರಿಸಿ, ಸಲೈನ್ ಹಾಕಿಸಿ, ಶಸ್ತ್ರಚಿಕಿತ್ಸೆ ಎಲ್ಲಿ ಸಾಧ್ಯವೆಂದು ಅವರಿಂದಲೇ ಫೋನ್ ಮಾಡಿಸಿ ಹೊರಡುವುದು ಜಾಣತನ.

ಹೊಟ್ಟೆ ದಿಢೀರನೆ ಉಬ್ಬಿದರೆ, ಓಕರಿಸಿದರೂ ಏನೂ ಬರದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಒಸಡು ಬಿಳಿಚಿಕೊಂಡರೆ ಕಾಯಬಾರದು. ಅನ್ನ, ನೀರು, ಎಣ್ಣೆ ಯಾವುದೂ ಬೇಡ. ವಾಂತಿಯಾಗುತ್ತಿದ್ದರೆ ಬಾಯಿ ಕಟ್ಟಬೇಡಿ. ಕಂಬಳಿಯ ಮೇಲೆ ಮಲಗಿಸಿ, ಆ ರಾತ್ರಿಯೇ ಹೊರಡಿ. ವರ್ಷವೆಲ್ಲ ರಾತ್ರಿ ಎಚ್ಚರವಿದ್ದು ಹಟ್ಟಿ ಕಾದ ನಾಯಿಗಾಗಿ ಒಂದು ರಾತ್ರಿ ನಿದ್ದೆಗೆಡುವುದು ಹೆಚ್ಚೇನಲ್ಲ.