ಇಪ್ಪತ್ತೈದು ನಿಮಿಷ ಯಾರೂ ಕರೀಬ್ಯಾಡ್ರಿ

ಬಿತ್ತಿಗೆ ಹೊತ್ತಿನಾಗ ಕೂರಿಗೆಗೆ ಬೀಜ ಬಿಡುವವರನ್ನು ಅರ್ಧ ಸಾಲಿನಲ್ಲಿ ಕರೆಯಬಾರದು ಅಂತ ನಮ್ಮ ಹಿರಿಯರಿಗೆ ಗೊತ್ತು. ಕೈ ತಪ್ಪಿದರೆ ಸಾಲಿನಲ್ಲಿ ಖಾಲಿ ಬೀಳುತ್ತದೆ. ಅದು ಅವತ್ತು ಕಾಣುವುದಿಲ್ಲ, ಮೊಳಕೆ ಬಂದ ಮೇಲೆ ಕಾಣುತ್ತದೆ. ಸಾಫ್ಟ್‌ವೇರ್ ಬರೆಯುವವರ ಕೆಲಸವೂ ಹೀಗೇ. ಗಮನ ತಪ್ಪಿದಾಗ ಆದ ತಪ್ಪು ಎಷ್ಟೋ ದಿನದ ಮೇಲೆ ಎದ್ದು ಕೂಡುತ್ತದೆ.

ಇದನ್ನು ಹಳ್ಳಿಯವರಿಗೆ ಯಾಕೆ ಹೇಳುತ್ತಿದ್ದೇವೆ? ಹುಬ್ಬಳ್ಳಿಯ ಐಟಿ ಪಾರ್ಕಿನಲ್ಲಿ, ಗೋಕುಲ ರಸ್ತೆಯ ಕಂಪನಿಗಳಲ್ಲಿ ಈಗ ನಮ್ಮ ಊರುಗಳ ಹುಡುಗ ಹುಡುಗಿಯರೂ ಇದ್ದಾರೆ. 2020ರ ಲಾಕ್‌ಡೌನ್ ನಂತರ ಕೆಲವರು ಮನೆಯ ಪಡಸಾಲೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ದುಡಿಯುತ್ತಿದ್ದಾರೆ.

ಅವರಲ್ಲಿ ಬಹಳ ಮಂದಿಗೆ ಗೊತ್ತಿರುವ ಒಂದು ಪದ್ಧತಿ ಇದೆ. ಹೆಸರು ಪೊಮೊಡೊರೊ. ಇಟಲಿ ಭಾಷೆಯಲ್ಲಿ ಹಾಗೆಂದರೆ ಟೊಮೆಟೊ. 1980ರ ದಶಕದ ಕೊನೆಗೆ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿ, ಓದಿನಲ್ಲಿ ಮನಸ್ಸು ನಿಲ್ಲದೆ, ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಎದುರಿಗಿಟ್ಟುಕೊಂಡು ಶುರು ಮಾಡಿದ್ದು. 25 ನಿಮಿಷ ಒಂದೇ ಕೆಲಸ, 5 ನಿಮಿಷ ಬಿಡುವು. ಹೀಗೆ ನಾಲ್ಕು ಸಲ ಆದ ಮೇಲೆ 15ರಿಂದ 30 ನಿಮಿಷ ದೊಡ್ಡ ಬಿಡುವು. ನಡುವೆ ಬೇರೆ ವಿಚಾರ ಹೊಳೆದರೆ ಚೀಟಿಯಲ್ಲಿ ಬರೆದಿಟ್ಟು ಮುಂದೆ ಸಾಗಬೇಕು. ಯಾರಾದರೂ ಕರೆದರೆ, ಇಷ್ಟು ಹೊತ್ತಿಗೆ ಬರುತ್ತೇನೆ ಅಂತ ಹೇಳಿ, ಹೇಳಿದ ಹೊತ್ತಿಗೆ ತಾನೇ ಹೋಗಿ ಕೇಳಬೇಕು.

ಕೇಳಲಿಕ್ಕೆ ಸರಳ. ಆದರೆ ಗಡಿಯಾರ ನಮ್ಮ ಕೈಯಲ್ಲಿದ್ದರೂ ಆ 25 ನಿಮಿಷ ನಮ್ಮ ಕೈಯಲ್ಲಿರುವುದಿಲ್ಲ. ಟೀಮಿನ ಗುಂಪಿನಲ್ಲಿ "ಒಂದ್ ನಿಮಿಷ ಬರ್ರಿ" ಅಂತ ಮೆಸೇಜ್ ಬೀಳುತ್ತದೆ. ಕೂಡಲೇ ಉತ್ತರಿಸದಿದ್ದರೆ ಸೋಮಾರಿ ಅನ್ನುವ ಹೆಸರು. ಹೊಸದಾಗಿ ಸೇರಿದ, ಹಳ್ಳಿಯಿಂದ ಬಂದ ಹುಡುಗಿ "ಆಮೇಲೆ ಬರ್ತೀನ್ರಿ" ಅನ್ನುವ ಧೈರ್ಯ ಎಲ್ಲಿಂದ ತರಬೇಕು? ಆದ್ದರಿಂದ ಇದು ಒಬ್ಬೊಬ್ಬರ ಶಿಸ್ತಿನ ಮಾತಲ್ಲ, ಇಡೀ ಟೀಮಿನ ಒಪ್ಪಂದದ ಮಾತು ಅಂತ ನಾವು ಹೇಳುತ್ತೇವೆ. ದಿನದಲ್ಲಿ ಇಂಥ ಹೊತ್ತು ಯಾರೂ ಯಾರನ್ನೂ ಕರೆಯುವುದಿಲ್ಲ ಅಂತ ಎಲ್ಲರೂ ಕೂಡಿ ಗೊತ್ತು ಮಾಡಬೇಕು. ಆ ಮಾತನ್ನು ಮೊದಲು ಮೇಲಿನವರು ಆಡಬೇಕು.

ಇನ್ನೊಂದು ಅಪಾಯವೂ ಇದೆ. ಎಷ್ಟು ಸುತ್ತು ಮುಗಿಸಿದೆ ಅಂತ ಬರೆದಿಡುವುದು ಈ ಪದ್ಧತಿಯ ಭಾಗವೇ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ತನಗೆ ತಿಳಿಯಲಿ ಅಂತ ಅದು. ಆ ಲೆಕ್ಕವನ್ನು ಮ್ಯಾನೇಜರ್ ಕೇಳಲು ಶುರು ಮಾಡಿದರೆ ಗಡಿಯಾರ ಬಾರುಕೋಲಾಗುತ್ತದೆ. ಐದು ನಿಮಿಷದ ಬಿಡುವೂ ಕೆಲಸದ ಪಾಲೇ. ಎದ್ದು ಓಡಾಡಿ, ನೀರು ಕುಡಿದು, ಕಣ್ಣಿಗೆ ವಿಶ್ರಾಂತಿ ಕೊಡುವ ಹೊತ್ತದು, ರೀಲ್ಸ್ ನೋಡುವ ಹೊತ್ತಲ್ಲ.

25 ಅನ್ನುವುದೇನು ಕಲ್ಲಿನ ಮೇಲೆ ಕೊರೆದಿದ್ದಲ್ಲ. ಕಠಿಣ ಸಮಸ್ಯೆ ಬಿಡಿಸುವವರಿಗೆ 50 ಬೇಕಾಗಬಹುದು. ಗ್ರಾಹಕರ ಫೋನು ಎತ್ತುವವರಿಗೆ ಇದು ಹೊಂದುವುದೇ ಇಲ್ಲ. ಅಂಥವರ ಮೇಲೆ ಹೇರಬಾರದು.

ಈಗ ಮನೆಯವರಿಗೆ ಒಂದು ಮಾತು. ಮಗ ಪರದೆ ನೋಡುತ್ತಾ ಸುಮ್ಮನೆ ಕೂತಂತೆ ಕಂಡರೆ ಅದು ಖಾಲಿ ಕೂತದ್ದಲ್ಲ. ಸೊಸೆ ಲ್ಯಾಪ್‌ಟಾಪ್ ಮುಂದಿದ್ದಾಗ ಚಹಾ ಮಾಡು ಅನ್ನುವುದೂ ಅರ್ಧ ಸಾಲಿನಲ್ಲಿ ಕರೆದಂತೆಯೇ. ಗಿರಣಿಗೆ ಹೋಗುವ ಕೆಲಸ ಇಪ್ಪತ್ತೈದು ನಿಮಿಷ ಕಾದರೆ ಹಿಟ್ಟೇನೂ ಕೆಡುವುದಿಲ್ಲ. "ಯಾವಾಗ ಬಿಡುವು ಐತಿ?" ಅಂತ ಮೊದಲೇ ಕೇಳಿಕೊಳ್ಳಿ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಈ ಬರಹವನ್ನು ಅವರಿಗಷ್ಟೇ ಅಲ್ಲ, ಅವರನ್ನು ಕರೆಯುವವರಿಗೂ ಕಳಿಸಿ.