ಅಂಗೈಯಗಲದ ಆಸರೆ

ಮಗನಿಗೋ ಮಗಳಿಗೋ ಹದಿನೆಂಟು ತುಂಬಿತು, ಲೈಸೆನ್ಸೂ ಬಂತು. ಈಗ ಬೇಕಾಗಿರುವುದು ಬರೀ ಬೈಕಲ್ಲ. ಡಾಂಬರಿನ ಮೇಲೂ ಓಡಬೇಕು, ಕಲ್ಲುಮಣ್ಣಿನ ದಾರಿಯಲ್ಲೂ ನುಗ್ಗಬೇಕು ಎನ್ನುವ 'ಡ್ಯುಯಲ್ ಸ್ಪೋರ್ಟ್' ಬೈಕು. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೊ ಎಕ್ಸ್‌ಪಲ್ಸ್ 200 ಬಂದ ಮೇಲೆ ಈ ಜಾತಿಯ ಬೈಕುಗಳು ನಮ್ಮ ಊರುಗಳಲ್ಲೂ ಅಪರೂಪವಲ್ಲ. ಬೈಕು ಮನೆಗೆ ಬಂದ ಕೆಲವೇ ತಿಂಗಳಿಗೆ ಎರಡನೇ ಬೇಡಿಕೆ ಹುಟ್ಟುತ್ತದೆ: 'ಟೈರು ಬದಲಾಯಿಸಬೇಕು.' ಲಡಾಖ್‌ನ ಚಿತ್ರಗಳಲ್ಲಿ ಕಾಣುವ, ದಪ್ಪ ದಪ್ಪ ಗುಬಟುಗಳಿರುವ ಟೈರೇ ಆಗಬೇಕು. ಅದಕ್ಕೆ ಹಿಡಿತ ಹೆಚ್ಚಂತೆ. ಹೆಚ್ಚು ನಿಜ. ಆದರೆ ಯಾವ ನೆಲದ ಮೇಲೆ?

ಒಂದು ಸಣ್ಣ ಲೆಕ್ಕ ಮಾಡೋಣ. ಸವಾರನ ತೂಕವೂ ಸೇರಿ ಹಿಂದಿನ ಚಕ್ರದ ಮೇಲೆ 150 ಕಿಲೊ ಭಾರ ಬೀಳುತ್ತದೆ ಎಂದಿಟ್ಟುಕೊಳ್ಳಿ. ಟೈರಿನೊಳಗಿನ ಒತ್ತಡ 32 ಪಿಎಸ್ಐ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.25 ಕಿಲೊ. ಭಾಗಿಸಿ ನೋಡಿದರೆ ಟೈರು ನೆಲಕ್ಕೆ ತಾಗುವ ಜಾಗ 67 ಚದರ ಸೆಂ.ಮೀ. ಆಸುಪಾಸು. ಟೈರಿನ ಪಕ್ಕೆಯ ಬಿಗುವೂ ಒಂದಿಷ್ಟು ಭಾರ ಹೊರುವುದರಿಂದ ಇದು ಅಂದಾಜಿನ ಲೆಕ್ಕವೇ. ಆದರೂ ಬೆರಳು ಬಿಟ್ಟು ಬರೀ ಅಂಗೈಯಷ್ಟು ಜಾಗ ಎಂದುಕೊಳ್ಳಿ. ಬ್ರೇಕು, ತಿರುವು, ವೇಗ ಎಲ್ಲವೂ ಎರಡು ಚಕ್ರಗಳ ಇಂಥ ಎರಡು ತುಣುಕು ರಬ್ಬರಿನ ಮೇಲೇ ನಿಂತಿವೆ.

ಗುಬಟು ಟೈರಿನಲ್ಲಿ ಈ ಅಂಗೈಯ ಅರ್ಧದಷ್ಟು ಭಾಗ ಬರೀ ಸಂದು. ಡಾಂಬರಿಗೆ ನಿಜವಾಗಿ ತಾಗುವುದು ಉಳಿದರ್ಧ ಮಾತ್ರ. ಪಿಯುಸಿ ವಿದ್ಯಾರ್ಥಿಗಳು ಇಲ್ಲಿ ಕೈಯೆತ್ತಬಹುದು: ಘರ್ಷಣೆಯು ಸ್ಪರ್ಶದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ಪಠ್ಯಪುಸ್ತಕ ಹೇಳುತ್ತದಲ್ಲ? ಮರದ ತುಂಡು, ಲೋಹದ ತುಂಡಿಗೆ ಆ ನಿಯಮ ಹೆಚ್ಚೂಕಡಿಮೆ ಸರಿ. ರಬ್ಬರು ಮಾತ್ರ ಅದಕ್ಕೆ ವಿಧೇಯವಲ್ಲ. ಅದು ಮೆತ್ತಗೆ ಬಾಗಿ ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಕ್ಕೆ ಇಳಿದು ಕಚ್ಚಿಕೊಳ್ಳುತ್ತದೆ. ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಒತ್ತಡ ಹೆಚ್ಚಿದಂತೆ ಅದರ ಘರ್ಷಣಾಂಕ ಇಳಿಯುತ್ತದೆ. ಹಾಗಾಗಿ ತಾಗುವ ರಬ್ಬರು ಕಡಿಮೆಯಾದರೆ ಡಾಂಬರಿನ ಮೇಲಿನ ಹಿಡಿತವೂ ಕಡಿಮೆಯಾಗುತ್ತದೆ. ಸಾಲದ್ದಕ್ಕೆ, ಎತ್ತರದ ಗುಬಟುಗಳು ತಿರುವಿನಲ್ಲಿ ಬಾಗುತ್ತವೆ. ಬೈಕು ಓಲಾಡಿದಂತೆ ಅನಿಸುತ್ತದೆ. ಒಣ ರಸ್ತೆಯಲ್ಲಿ ಇದನ್ನು ಹೇಗೋ ಸಂಭಾಳಿಸಬಹುದು. ಆಷಾಢದ ಮಳೆಯಲ್ಲಿ ಆಗುಂಬೆ ಘಾಟಿಯ ತಿರುವಿಗೆ ಬಂದಾಗ ಲೆಕ್ಕ ತಪ್ಪುತ್ತದೆ.

ಮಣ್ಣಿನ ಕಥೆಯೇ ಬೇರೆ. ಮೆತ್ತಗಿನ ನೆಲದಲ್ಲಿ ಹಿಡಿತ ಹುಟ್ಟುವುದು ರಬ್ಬರು ಅಂಟುವುದರಿಂದಲ್ಲ, ಗುಬಟು ನೆಲದೊಳಗೆ ನೆಟ್ಟು ಮಣ್ಣನ್ನು ಹಿಂದಕ್ಕೆ ದಬ್ಬುವುದರಿಂದ. ಗದ್ದೆಯಲ್ಲಿ ಟ್ರ್ಯಾಕ್ಟರು ಮಾಡುವ ಕೆಲಸವೇ ಇದು. ರಸ್ತೆ ಟೈರಿನ ಸಣ್ಣ ಸೀಳುಗಳಿಗೆ ಜೇಡಿಮಣ್ಣು ಮೆತ್ತಿಕೊಂಡರೆ ಚಕ್ರ ನುಣ್ಣಗಿನ ಉಂಡೆಯಾಗಿ ಜಾರುತ್ತದೆ. ಸಂದು ಅಗಲವಿದ್ದರೆ ತಿರುಗುವ ರಭಸಕ್ಕೆ ಮಣ್ಣು ಸಿಡಿದು ಹೋಗುತ್ತದೆ. ಮರಳಿನಲ್ಲಿ ಚಕ್ರ ಹೂತುಹೋಗದೆ ತೇಲಬೇಕು. ಅಲ್ಲಿ ಅಗಲವಾದ ಹೆಜ್ಜೆ ಮುಖ್ಯ. ಕಲ್ಲುಬಂಡೆಯ ದಾರಿಯಲ್ಲಿ ಪಕ್ಕೆ ಗಟ್ಟಿಯಿರಬೇಕು. ಗಟ್ಟಿ ನೆಲದ ಮೇಲೆ ಹರಡಿದ ಜಲ್ಲಿಯಲ್ಲಿ ಮಾತ್ರ ಯಾವ ಟೈರೂ ಪೂರ್ತಿ ನೆರವಿಗೆ ಬಾರದು. ಅಲ್ಲಿ ಕಾಪಾಡುವುದು ನಿಧಾನ ಒಂದೇ.

ಎಲ್ಲ ನೆಲಕ್ಕೂ ಒಪ್ಪುವ ಟೈರು ಇಲ್ಲ ಎಂದಾಯಿತು. ಅದಕ್ಕೇ ತಯಾರಕರು 80-20, 50-50 ಎಂದು ಹೆಸರಿಸುತ್ತಾರೆ. ಮೊದಲ ಸಂಖ್ಯೆ ಸಾಮಾನ್ಯವಾಗಿ ರಸ್ತೆಯ ಪಾಲು, ಎರಡನೆಯದು ಕಚ್ಚಾ ದಾರಿಯ ಪಾಲು. ಇದು ಸರ್ಕಾರಿ ಮಾನದಂಡವಲ್ಲ, ಅಂದಾಜಿನ ಗುರುತು. ಒಂದು ಕಂಪನಿಯ 50-50 ಇನ್ನೊಂದರಂತೆ ಇರಬೇಕೆಂದಿಲ್ಲ.

'ನಾನು ಬೆಂಗಳೂರಿನಿಂದ ಲೇಹ್‌ಗೆ ಹೋಗುವವನು' ಎನ್ನುವ ಹುಡುಗರಿದ್ದಾರೆ. ಒಳ್ಳೆಯದೇ. ಆದರೆ ಒಂದು ಕಡೆಗೇ ಮೂರು ಸಾವಿರ ಕಿಲೊಮೀಟರಿಗೂ ಮಿಕ್ಕ ಆ ಹಾದಿಯಲ್ಲಿ ಸಿಂಹಪಾಲು ಡಾಂಬರು. ಮೆದು ರಬ್ಬರಿನ ಪೂರ್ಣ ಗುಬಟು ಟೈರು ಬಿಸಿ ಹೆದ್ದಾರಿಯಲ್ಲಿ ಕೆಲವೇ ಸಾವಿರ ಕಿಲೊಮೀಟರಿಗೆ ಸವೆದು ಬಿಡುತ್ತದೆ. ಅದು ನಿಜಕ್ಕೂ ಬೇಕಾಗುವ ಹಳ್ಳ-ಕಲ್ಲುಗಳ ಹೊತ್ತಿಗೆ ಗುಬಟೇ ಉಳಿದಿರುವುದಿಲ್ಲ.

ಹೊಸ ಟೈರಿಗೆ ಹಣ ಸುರಿಯುವ ಮೊದಲು ಗಾಳಿಯ ಕಡೆ ಗಮನ ಕೊಡಿ. ಒತ್ತಡ ಕೊಂಚ ಇಳಿಸಿದರೆ ಟೈರಿನ ಹೆಜ್ಜೆ ಅಗಲವಾಗಿ ಮರಳಲ್ಲೂ ಕೆಸರಲ್ಲೂ ಹಿಡಿತ ಹೆಚ್ಚುತ್ತದೆ. ಬಹಳ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ತೂತಾಗುತ್ತದೆ. ಹಿಮಾಲಯನ್‌ನ ಮೊದಲ ಮಾದರಿಯಲ್ಲೂ ಎಕ್ಸ್‌ಪಲ್ಸ್‌ನಲ್ಲೂ ಕಡ್ಡಿಚಕ್ರದೊಳಗೆ ಟ್ಯೂಬೇ ಇರುವುದರಿಂದ ಈ ಮಾತು ನೆನಪಿರಲಿ. ಡಾಂಬರಿಗೆ ಮರಳಿದ ಕೂಡಲೇ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ತುಂಬಬೇಕು. ಇಲ್ಲವಾದರೆ ಟೈರು ಕಾದು ಹಾಳಾಗುತ್ತದೆ.

ಇನ್ನು ಟೈರಿನ ಪಕ್ಕೆಯ ಮೇಲಿನ ಬರಹ. ಈ ಎರಡೂ ಬೈಕುಗಳ ಮುಂದಿನ ಟೈರಿನ ಅಳತೆ 90/90-21. ಮೊದಲ 90 ಅಗಲ, ಮಿಲಿಮೀಟರಿನಲ್ಲಿ. ಎರಡನೆಯ 90 ಎಂದರೆ ಪಕ್ಕೆಯ ಎತ್ತರ ಅಗಲದ ಶೇ. 90, ಅಂದರೆ 81 ಮಿ.ಮೀ.; 21 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಅದರ ಪಕ್ಕ '54 ಎಸ್' ಎಂದಿದ್ದರೆ ಆ ಟೈರು 212 ಕಿಲೊ ಭಾರ ಹೊರಬಲ್ಲದು, ಗಂಟೆಗೆ 180 ಕಿ.ಮೀ. ವೇಗ ತಾಳಬಲ್ಲದು. ಬದಲಿ ಟೈರಿನ ಅಳತೆ ಬೈಕಿನ ಕೈಪಿಡಿಯಲ್ಲಿ ಇರುವಂತೆಯೇ ಇರಲಿ. ಭಾರದ ಅಂಕಿ ಅದಕ್ಕಿಂತ ಕಡಿಮೆಯಾಗದಿರಲಿ. ಕೊನೆಯ ನಾಲ್ಕು ಅಂಕಿ ಹುಟ್ಟಿದ ದಿನಾಂಕ: 2324 ಎಂದರೆ 2024ರ 23ನೇ ವಾರ. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಕೂತ ಟೈರಿನ ರಬ್ಬರು ಬಿರುಸಾಗಿರುತ್ತದೆ. ರಿಯಾಯಿತಿ ಕೊಟ್ಟರೂ ಬೇಡ.

'ಎಬಿಎಸ್ ಇದೆಯಲ್ಲ, ಭಯವೇಕೆ?' ಎನ್ನುವ ತಂದೆ-ತಾಯಿಗೆ ಒಂದು ಮಾತು. ಎಬಿಎಸ್ ಚಕ್ರ ಸಿಲುಕಿಕೊಳ್ಳದಂತೆ ತಡೆಯುತ್ತದೆ, ಅಷ್ಟೆ. ಟೈರಿನಲ್ಲಿ ಇಲ್ಲದ ಹಿಡಿತವನ್ನು ಅದು ಎಲ್ಲಿಂದಲೂ ತಂದುಕೊಡಲಾರದು.

ಮನೆಯಲ್ಲಿ ಟೈರಿನ ಮಾತು ಎದ್ದಾಗ ಕೂಗಾಟ ಬೇಡ. ಕಾಗದ, ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಕಳೆದ ತಿಂಗಳು ಬೈಕು ಓಡಿದ್ದು ಎಲ್ಲೆಲ್ಲಿ? ಡಾಂಬರು ಎಷ್ಟು ಕಿಲೊಮೀಟರು, ಮಣ್ಣು ಎಷ್ಟು? ಕಾಫಿ ತೋಟದ ಕೊನೆಯ ಮನೆಯಿಂದ ದಿನವೂ ಕೆಸರು ತುಳಿದು ಕಾಲೇಜಿಗೆ ಬರುವ ಹುಡುಗಿಗೆ 50-50 ಟೈರು ಷೋಕಿಯಲ್ಲ, ಅಗತ್ಯ. ಅಪ್ಪ ಅದಕ್ಕೆ ಅಡ್ಡಬರಬಾರದು. ಹಾಸ್ಟೆಲಿನಿಂದ ಕಾಲೇಜಿಗೆ, ವರ್ಷಕ್ಕೊಮ್ಮೆ ಬೆಟ್ಟಕ್ಕೆ ಹೋಗುವ ಹುಡುಗನಿಗೆ ಬೈಕಿನ ಜೊತೆ ಬಂದ ಟೈರೇ ಸಾಕು. ಸವೆತದ ಗುರುತು ಕಾಣುವವರೆಗೆ ಅದನ್ನೇ ಓಡಿಸಲಿ, ಮಿಕ್ಕ ಹಣದಲ್ಲಿ ಒಳ್ಳೆಯ ಹೆಲ್ಮೆಟ್ಟು ಕೊಳ್ಳಲಿ.