ನೋವು ಇಷ್ಟ, ಕೂಲಿಯ ಮಾತು ಕಷ್ಟ

ಬ್ಲೂಸ್ ಪ್ಲೇಟುಗಳನ್ನ ಹಂಚಿಕೊಂಡು ಕೇಳುವ ಗೆಳೆಯರ ನಡುವೆ ನಾವೂ ಕೂರುತ್ತೇವೆ. ಒಬ್ಬರು ರಾಬರ್ಟ್ ಜಾನ್ಸನ್‌ನನ್ನ ತರುತ್ತಾರೆ, ಇನ್ನೊಬ್ಬರು ಬೆಸ್ಸಿ ಸ್ಮಿತ್‌ಳನ್ನ. ಗರಗರ ಸದ್ದಿನ ಹಿಂದಿನಿಂದ ಆ ದನಿ ಎದ್ದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: 'ಅಬ್ಬಾ, ಎಂಥ ನೋವು!' ನಮಗೂ ಮೈ ಜುಮ್ ಅನ್ನುತ್ತೆ, ಸುಳ್ಳು ಹೇಳಲ್ಲ. ಆದರೆ ನೋವಿಗೆ ತಲೆದೂಗುವ ಇದೇ ಮಂದಿ, ನೋವು ಕೊಟ್ಟವರು ಯಾರು ಅಂತ ಕೇಳಿದ ಕೂಡಲೇ 'ಸಂಗೀತದಲ್ಲಿ ರಾಜಕೀಯ ತರಬೇಡಿ' ಅಂತಾರೆ. ನಮ್ಮ ಜಗಳ ಇರೋದೇ ಅಲ್ಲಿ.

ಈ ಹಾಡು ಬೆಳೆದದ್ದು ಅಮೆರಿಕದ ದಕ್ಷಿಣದ ಹತ್ತಿಹೊಲಗಳಲ್ಲಿ. 1865ರಲ್ಲಿ ಗುಲಾಮಗಿರಿ ರದ್ದಾಯಿತು ಅಂತ ಕಾನೂನು ಹೇಳಿತು. ಭೂಮಿ ಮಾತ್ರ ಧಣಿಗಳ ಕೈಯಲ್ಲೇ ಉಳಿಯಿತು. ಕಪ್ಪು ಜನ ಅದೇ ಹೊಲದಲ್ಲಿ ಕೋರಿಗೆ ದುಡಿದರು. ಬೀಜಕ್ಕೂ ಹಿಟ್ಟಿಗೂ ಸಾಲ, ಸುಗ್ಗಿ ಮುಗಿದಾಗ ಲೆಕ್ಕ ಬರೆಯುವವನು ಧಣಿ. ಇದನ್ನ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ರಾಬರ್ಟ್ ಜಾನ್ಸನ್ 1936 ಮತ್ತು 1937ರಲ್ಲಿ 29 ಹಾಡು ಮುದ್ರಿಸಿ, 1938ರಲ್ಲಿ 27ನೇ ವಯಸ್ಸಿಗೇ ತೀರಿಹೋದ. ಮೊದಲು ಇವನಿಗೆ ಗಿಟಾರ್ ಬರ್ತಾನೇ ಇರಲಿಲ್ಲ, ಎಲ್ಲೋ ಹೋಗಿ ಬಂದವನು ನಮ್ಮನ್ನೇ ಮೀರಿಸಿದ ಅಂತ ಹಿರಿಯ ಹಾಡುಗಾರ ಸನ್ ಹೌಸ್ ನೆನೆದಿದ್ದಾನೆ. ನಡುವೆ ಏನಾಯ್ತು? ಕವಲುದಾರಿಯಲ್ಲಿ ನಡುರಾತ್ರಿ ಸೈತಾನನಿಗೆ ಆತ್ಮ ಮಾರಿಕೊಂಡನಂತೆ! ಆತ ಐಕ್ ಜಿಮರ್‌ಮನ್ ಎಂಬ ಕಪ್ಪು ಗಿಟಾರ್ ವಾದಕನ ಬಳಿ ಇದ್ದು ಕಲಿತವನು. ಗುರು ಇದ್ದ, ಬೆರಳು ಸವೆಯುವ ಅಭ್ಯಾಸ ಇತ್ತು. ಬಿಳಿ ಹುಡುಗ ಕಲಿತರೆ ಸಾಧನೆ, ಕಪ್ಪು ಹುಡುಗ ಕಲಿತರೆ ಸೈತಾನನ ಕೃಪೆ. ಇದ್ಯಾವ ನ್ಯಾಯ ಸ್ವಾಮಿ? ಇಂಥ ಕತೆ ಕಪ್ಪು ಜನರ ಬಾಯಲ್ಲೂ ಇತ್ತು, ಒಪ್ಪುತ್ತೇವೆ. ಅವರು ತಮ್ಮೊಳಗೆ ಹೇಳಿಕೊಂಡದ್ದು ಬೇರೆ, ಅದನ್ನ ಅಂಗಿ ಮೇಲೆ ಅಚ್ಚುಹಾಕಿ ಮಾರೋದು ಬೇರೆ.

ಬೆಸ್ಸಿ ಸ್ಮಿತ್‌ಳ ಮೊದಲ ಪ್ಲೇಟು 1923ರದು. ಲಕ್ಷಗಟ್ಟಲೆ ಪ್ಲೇಟು ಮಾರಿದ ಕಂಪನಿ ಆಕೆಗೆ ಕೊಟ್ಟದ್ದು ಹಾಡಿಗಿಷ್ಟು ಅಂತ ಕೂಲಿ, ಮಾರಾಟದಲ್ಲಿ ಪಾಲಿಲ್ಲ. 1937ರಲ್ಲಿ ಮಿಸಿಸಿಪ್ಪಿಯ ರಸ್ತೆಯಲ್ಲಿ ಕಾರು ಅಪಘಾತವಾಗಿ ಸತ್ತಳು. ಬಿಳಿಯರ ಆಸ್ಪತ್ರೆ ಬಾಗಿಲು ಹಾಕಿತು ಎಂಬ ಕತೆ ನಿಜವಲ್ಲ. ಆಕೆಯನ್ನು ನೇರ ಕಪ್ಪು ಜನರ ಆಸ್ಪತ್ರೆಗೇ ಒಯ್ದರು. ಬಿಳಿಯರ ಬಾಗಿಲಿಗೆ ಹೋಗುವ ಮಾತೇ ಇರಲಿಲ್ಲ ಅಂದರೆ ಆ ಊರು ಎಂಥದ್ದು ಅಂತ ಯೋಚನೆ ಮಾಡಿ. ಆಕೆಯ ಸಮಾಧಿಗೆ 1970ರವರೆಗೆ ಹೆಸರಿನ ಕಲ್ಲೂ ಇರಲಿಲ್ಲ. ಕೊನೆಗೆ ಕಲ್ಲಿಗೆ ದುಡ್ಡು ಹಾಕಿದ್ದು ಕಂಪನಿಯಲ್ಲ. ಒಬ್ಬಳು ಹಾಡುಗಾರ್ತಿ ಜಾನಿಸ್ ಜಾಪ್ಲಿನ್. ಇನ್ನೊಬ್ಬಳು ಚಿಕ್ಕವಳಿದ್ದಾಗ ಬೆಸ್ಸಿಯ ಮನೆಗೆಲಸ ಮಾಡಿದ್ದ ಹುವಾನಿಟಾ ಗ್ರೀನ್.

ಆ 78 ಸುತ್ತಿನ ಪ್ಲೇಟು ಏತರದ್ದು ಗೊತ್ತಾ? ಅದರಲ್ಲಿ ಇದ್ದದ್ದು ಅರಗು. ಆ ಅರಗಿನ ಬಹುಪಾಲು ಹಡಗು ಹತ್ತುತ್ತಿದ್ದದ್ದು ನಮ್ಮ ದೇಶದಿಂದ. ಛೋಟಾ ನಾಗಪುರದ ಕಾಡಿನಲ್ಲಿ ಮುತ್ತುಗದ ಕೊಂಬೆ ಕೆರೆದು ಅದನ್ನ ಕೂಡಿಸಿದವರು ಆದಿವಾಸಿಗಳು. ಅಲ್ಲಿ ಹಾಡಿದ ಕೈಗೂ ಇಲ್ಲಿ ಕೆರೆದ ಕೈಗೂ ಸಿಕ್ಕದ್ದು ಪುಡಿಗಾಸು. ಈಗ ನೋಡಿ, 1956ರಲ್ಲಿ ಸತ್ತ ಟಾಮಿ ಜಾನ್ಸನ್‌ನ ಒಂದೇ ಒಂದು ಹಳೇ ಪ್ಲೇಟು 2013ರಲ್ಲಿ 37,100 ಡಾಲರಿಗೆ ಹೋಯಿತು. ಕೊಂಡವನಿಗೂ ಅದರ ಹಾಡಿನ ನೋವು ಬಹಳ ಇಷ್ಟವಿದ್ದೀತು!

ಪ್ಲೇಟು ಬಿಸಾಡಿ ಅಂತ ನಾವು ಹೇಳ್ತಿಲ್ಲ. ಹಂಚಿಕೊಳ್ಳೋಣ, ರಾತ್ರಿಯೆಲ್ಲಾ ಕೇಳೋಣ. ಹಾಡಿನ ಹೆಸರು ಹೇಳುವಾಗ ಅದಕ್ಕೆ ಸಿಕ್ಕ ಕೂಲಿಯನ್ನೂ ಹೇಳೋಣ. ಮುಂದಿನ ಸಲ ನಾವು ತರೋದು ಆರ್ಥರ್ ಕ್ರೂಡಪ್‌ನ ಪ್ಲೇಟು. 1946ರಲ್ಲಿ ಆತ ಮುದ್ರಿಸಿದ ಹಾಡನ್ನೇ 1954ರಲ್ಲಿ ಹಾಡಿ ಎಲ್ವಿಸ್ ಪ್ರೀಸ್ಲಿ ಹೆಸರು ಮಾಡಿದ. ಕ್ರೂಡಪ್ ಹೊಲದ ಕೂಲಿಗೆ ಹೋದ, ಬರಬೇಕಾದ ದುಡ್ಡು ಕೈಗೆ ಬರದೆಯೇ 1974ರಲ್ಲಿ ಸತ್ತ. ಪ್ರೀಸ್ಲಿ ಪ್ಲೇಟು ತರುವವರು ಧಾರಾಳವಾಗಿ ತರಲಿ. ಮೊದಲು ಇವನದು ತಿರುಗಲಿ.